ಬೋರ್ಡು ಬರೆಸುವ ಮೊದಲು: ‘ಫ್ಯಾಷನಿಸ್ಟಾ’ ಮತ್ತು ‘ಶೋಕಿ’

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ಹನ್ನೆರಡು ವರ್ಷಗಳಿಂದ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ಈಗ ಪಕ್ಕದ ಮಳಿಗೆಯೂ ಸಿಕ್ಕಿದೆ, ಹೊಸ ಬೋರ್ಡು ಬರೆಸಬೇಕು. ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿರುವ ಮಗಳು ‘ಫ್ಯಾಷನಿಸ್ಟಾ’ ಎಂದು ಹೆಸರಿಡು ಎನ್ನುತ್ತಾಳೆ. ನಮ್ಮ ಅತ್ತೆಯವರು ‘ಅದೆಲ್ಲ ಶೋಕಿಲಾಲರ ಮಾತು, ನಾಲ್ಕು ಜನ ನಗುತ್ತಾರೆ’ ಎನ್ನುತ್ತಾರೆ. ಈ ಪದದ ಅರ್ಥವೇನು, ಎಲ್ಲಿಂದ ಬಂತು? ಅದೂ ಶೋಕಿಯೂ ಒಂದೇಯೇ? ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತು ಇಲ್ಲವೇ?

ಉತ್ತರ: ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಬೋರ್ಡಿಗೆ ಬಣ್ಣ ಬೀಳುವ ಮೊದಲು ಪದದ ಹುಟ್ಟನ್ನು ವಿಚಾರಿಸುವವರು ಅಪರೂಪ. ನಿಮ್ಮ ಮನೆಯ ಚರ್ಚೆಯಲ್ಲಿ ಮಗಳ ಪದಕ್ಕೆ ಮೂವತ್ತು ಚಿಲ್ಲರೆ ವರ್ಷ ವಯಸ್ಸು. ಅತ್ತೆಯವರ ಪದ ಶತಮಾನಗಳ ಕಾಲ ದೇಶ ದೇಶ ತಿರುಗಿ ನಮ್ಮ ಜಗಲಿಗೆ ಬಂದದ್ದು. ಕಿರಿಯದರಿಂದಲೇ ಆರಂಭಿಸುತ್ತೇನೆ.

ಇಂದಿನ ಬಳಕೆಯಲ್ಲಿ ‘ಫ್ಯಾಷನಿಸ್ಟಾ’ ಎಂದರೆ ಉಡುಗೆ ತೊಡುಗೆಯ ಹೊಸ ರೀತಿಗಳನ್ನು ಆಸ್ಥೆಯಿಂದ ಗಮನಿಸುವ, ತಾನೂ ಹಾಗೆ ಉಟ್ಟು ತೊಟ್ಟು ಸಂತೋಷಪಡುವ ವ್ಯಕ್ತಿ. ಹೆಚ್ಚಿನ ಪದಗಳನ್ನು ಯಾರು ಹುಟ್ಟಿಸಿದರೆಂದು ಬೆರಳು ಮಾಡಿ ತೋರಿಸಲಾಗುವುದಿಲ್ಲ, ಇದನ್ನು ತೋರಿಸಬಹುದು. ಅಮೆರಿಕದ ಪತ್ರಕರ್ತ ಸ್ಟೀಫನ್ ಫ್ರೀಡ್ 1993ರಲ್ಲಿ ಗಿಯಾ ಕರಾಂಜಿ ಎಂಬ ರೂಪದರ್ಶಿಯ ಜೀವನಚರಿತ್ರೆ ಪ್ರಕಟಿಸಿದರು. ಆಕೆ 1986ರಲ್ಲಿ, ಕೇವಲ 26ನೆಯ ವಯಸ್ಸಿನಲ್ಲಿ ತೀರಿಕೊಂಡವಳು. ಆ ಪುಸ್ತಕ ಬರೆಯುವಾಗ ಅವರಿಗೊಂದು ತೊಡಕು ಎದುರಾಯಿತು. ಒಂದು ಛಾಯಾಚಿತ್ರ ತೆಗೆಯುವ ಜಾಗದಲ್ಲಿ ರೂಪದರ್ಶಿಯ ಸುತ್ತ ಛಾಯಾಗ್ರಾಹಕ, ಅವನ ಸಹಾಯಕರು, ಕೂದಲು ತಿದ್ದುವವರು, ಬಣ್ಣ ಹಚ್ಚುವವರು, ವಿನ್ಯಾಸಕಾರರು, ಪತ್ರಿಕೆಯ ಸಂಪಾದಕರು ಎಂದು ದೊಡ್ಡ ದಂಡೇ ನೆರೆದಿರುತ್ತದೆ. ಪ್ರತಿ ಸಲವೂ ಇಷ್ಟು ಜನರನ್ನು ಹೆಸರಿಸುವ ಬದಲು ಒಂದೇ ಪದ ಬೇಕಾಗಿತ್ತು. ಅದಕ್ಕಾಗಿ ಕಟ್ಟಿಕೊಂಡ ಪದ ‘ಫ್ಯಾಷನಿಸ್ಟಾ’. ಹಾಗಾಗಿ ಹುಟ್ಟಿದಾಗ ಅದು ಕೊಂಡು ತೊಡುವವರ ಹೆಸರಾಗಿರಲಿಲ್ಲ, ತೆರೆಯ ಹಿಂದೆ ದುಡಿಯುವವರ ಹೆಸರಾಗಿತ್ತು. ಕತ್ತರಿ ಹಿಡಿದ ನಿಮಗೆ ಆ ಮೊದಲಿನ ಅರ್ಥದಲ್ಲೇ ಇದು ಸಲ್ಲುತ್ತದೆ ಎಂಬುದನ್ನು ಮಗಳಿಗೆ ಹೇಳಿ.

ಪದದ ಬಾಲದಲ್ಲಿರುವ ‘ಇಸ್ಟಾ’ದ ಹಿಂದೆ ಒಂದು ರಾಜಕೀಯ ಚರಿತ್ರೆ ಇದೆ. ಗ್ರೀಕ್ ಭಾಷೆಯಿಂದ ಲ್ಯಾಟಿನ್ನಿಗೆ ಬಂದ ಈ ಪ್ರತ್ಯಯ ಸ್ಪ್ಯಾನಿಷ್, ಇಟಾಲಿಯನ್ ಭಾಷೆಗಳಲ್ಲಿ ‘ಇಸ್ಟಾ’ ಆಗಿಯೇ ಉಳಿಯಿತು. ಇಂಗ್ಲಿಷಿನಲ್ಲಿ ‘ಇಸ್ಟ್’ ಆಯಿತು. ನಮ್ಮ ಜಿಲ್ಲೆಯವರಿಗೆ ಅದು ಹೊಸದಲ್ಲ. 1951ರ ಕಾಗೋಡು ಸತ್ಯಾಗ್ರಹದ ಕಾಲದಲ್ಲಿ ‘ಸೋಷಲಿಸ್ಟ್’ ಎಂಬ ಮಾತು ಸಾಗರ ಸೀಮೆಯ ಗೇಣಿದಾರರ ಅಂಗಳಕ್ಕೇ ಬಂದಿತ್ತು. ಅದೇ ಪ್ರತ್ಯಯದ ಸ್ಪ್ಯಾನಿಷ್ ರೂಪವನ್ನು ಇಂಗ್ಲಿಷ್ ಪತ್ರಿಕೆಗಳ ಓದುಗರಿಗೆ ಚಿರಪರಿಚಿತವಾಗಿಸಿದವರು ನಿಕರಾಗುವಾ ದೇಶದ ಸ್ಯಾಂಡಿನಿಸ್ಟಾಗಳು. ಸ್ಯಾಂಡಿನೋ ಎಂಬ ನಾಯಕನ ಹೆಸರನ್ನು ಹೊತ್ತ ಈ ಕ್ರಾಂತಿಕಾರಿಗಳು 1979ರಲ್ಲಿ ಅಲ್ಲಿನ ಸರ್ವಾಧಿಕಾರಿ ಸೊಮೋಜಾನನ್ನು ಕೆಳಗಿಳಿಸಿದರು. ಮುಂದಿನ ಹತ್ತು ವರ್ಷ ಅಮೆರಿಕದ ಪತ್ರಿಕೆಗಳಲ್ಲಿ ಅವರದೇ ಸುದ್ದಿ. ಫ್ರೀಡ್ ಅವರ ಕಿವಿಯಲ್ಲಿದ್ದದ್ದು ಆ ಹೆಸರು. ಯಾವುದೋ ಒಂದು ಪಂಥಕ್ಕೆ ತನ್ನನ್ನು ಒಪ್ಪಿಸಿಕೊಂಡವನು ಎಂಬ ದನಿ ಫ್ಯಾಷನಿಸ್ಟಾಕ್ಕೆ ಬಂದದ್ದು ಹೀಗೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಕೊನೆಯಲ್ಲಿ ‘ಆ’ಕಾರ ಇರುವುದರಿಂದ ಇದು ಹೆಂಗಸರಿಗೆ ಮಾತ್ರ ಸಲ್ಲುವ ಪದ, ಗಂಡಸಿಗೆ ಬೇರೆ ರೂಪ ಇರಬೇಕು ಎಂದು ಹಲವರು ಭಾವಿಸುತ್ತಾರೆ. ಸ್ಪ್ಯಾನಿಷಿನಲ್ಲಿ ‘ಇಸ್ಟಾ’ ಗಂಡಿಗೂ ಹೆಣ್ಣಿಗೂ ಒಂದೇ. ನೀವು ಷರ್ಟು, ಪ್ಯಾಂಟು ಹೊಲಿಯುವವರಾದರೂ ಬೋರ್ಡಿನ ಹೆಸರು ಅಡ್ಡಿಯಾಗುವುದಿಲ್ಲ.

ಪದ ಬೇಗ ಕೈತಪ್ಪಿ ಹೋಯಿತು. ಪತ್ರಿಕೆಗಳು ಎತ್ತಿಕೊಂಡವು, ಅಂಗಡಿಗಳು ಎತ್ತಿಕೊಂಡವು, ದುಡಿಯುವವರ ಹೆಸರು ತೊಡುವವರ ಹೆಸರಾಯಿತು. ಇಪ್ಪತ್ತು ವರ್ಷಗಳ ಬಳಿಕ, 2013ರಲ್ಲಿ, ಈ ಪದ ಹುಟ್ಟಿಸಿದ್ದಕ್ಕೆ ಕ್ಷಮೆ ಕೇಳುವ ಲೇಖನವೊಂದನ್ನು ಫ್ರೀಡ್ ಅವರೇ ಬರೆದರು.

ಇನ್ನು ‘ಫ್ಯಾಷನ್’. ಇದರ ಮೂಲ ಹಳೆಯ ಫ್ರೆಂಚಿನ ‘ಫಾಸೋಂ’, ಅದರ ಹಿಂದೆ ಲ್ಯಾಟಿನ್ನಿನ ‘ಫಾಕ್ತಿಯೋ’, ಅದಕ್ಕೂ ಹಿಂದೆ ‘ಫಾಕೆರೆ’ ಎಂಬ ಕ್ರಿಯಾಪದ. ಫಾಕೆರೆ ಎಂದರೆ ಮಾಡು. ಮಾಡುವಿಕೆ ಎಂಬುದರಿಂದ ಮಾಡುವ ರೀತಿ, ರೀತಿಯಿಂದ ಆಕಾರ, ಆಕಾರದಿಂದ ಕಾಲಕಾಲಕ್ಕೆ ಬದಲಾಗುವ ಉಡುಗೆಯ ಚಂದ, ಹೀಗೆ ಅರ್ಥ ಸರಿದು ಬಂದಿದೆ. ಕಾರ್ಖಾನೆ ಎಂಬ ಅರ್ಥದ ‘ಫ್ಯಾಕ್ಟರಿ’ಯೂ ಇದೇ ಬಳ್ಳಿಯದು. ಇದನ್ನು ಓದಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ‘ಮಾಟ’. ಆಡುವುದರಿಂದ ಆಟ, ನೋಡುವುದರಿಂದ ನೋಟ, ಹಾಗೆಯೇ ಮಾಡುವುದರಿಂದ ಮಾಟ. ‘ಮಾಟವಾದ ಮೂಗು’, ‘ಮಾಟವಾದ ಕೈಕಾಲು’ ಎನ್ನುವಾಗ ಅಚ್ಚುಕಟ್ಟಾಗಿ ಮಾಡಿದಂತಿರುವ ಚೆಲುವು ಎಂದೇ ಅರ್ಥ. ಪ್ಯಾರಿಸ್ಸಿನ ಪದ ನಡೆದ ದಾರಿಯಲ್ಲೇ ಕನ್ನಡದ ಪದವೂ ತಾನೇ ತಾನಾಗಿ ನಡೆದಿದೆ. ಮಾಟ ಮಂತ್ರ ಎಂಬ ಇನ್ನೊಂದು ಅರ್ಥ ಅದಕ್ಕೆ ಅಂಟಿಕೊಂಡಿರುವುದರಿಂದ ನಿಮ್ಮ ಬೋರ್ಡಿಗೆ ಮಾತ್ರ ಅದು ಬೇಡ.

ಇನ್ನೂ ಒಂದು ನಂಟು ಇದೆ. ಭಾಷಾವಿಜ್ಞಾನಿಗಳು ಲ್ಯಾಟಿನ್ನಿನ ಫಾಕೆರೆಯನ್ನೂ ಸಂಸ್ಕೃತದ ‘ಧಾ’ ಧಾತುವನ್ನೂ ಒಂದೇ ಮೂಲಕ್ಕೆ ಕೊಂಡೊಯ್ಯುತ್ತಾರೆ. ಧಾ ಎಂದರೆ ಇಡು, ಇರಿಸು. ಮೈ ಸುತ್ತ ಇರಿಸಿಕೊಳ್ಳುವುದು ‘ಪರಿಧಾನ’, ಅಂದರೆ ಬಟ್ಟೆ. ಹಾಗಾದರೆ ಮಗಳು ಬಯಸಿದ ಪದದ ತಲೆಯ ಭಾಗಕ್ಕೂ ನಮ್ಮ ಕೋಶಗಳಲ್ಲಿರುವ ಪರಿಧಾನಕ್ಕೂ ದೂರದ ದಾಯಾದಿತನ ಉಂಟು.

ಈಗ ಅತ್ತೆಯವರ ‘ಶೋಕಿ’ಗೆ ಬರೋಣ. ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಬಹಳ ಮಂದಿ, ಚೆನ್ನಾಗಿ ಓದಿದವರೂ ಸೇರಿ, ಇದು ಇಂಗ್ಲಿಷಿನ ‘ಶೋ’ದಿಂದ ಬಂದದ್ದೆಂದು ತಿಳಿದಿದ್ದಾರೆ. ಅದು ತಪ್ಪು. ಅರಬ್ಬಿಯಲ್ಲಿ ‘ಶೌಕ್’ ಎಂದರೆ ಹಂಬಲ, ತವಕ, ಪ್ರಿಯವಾದದ್ದರ ಕಡೆಗೆ ಮನಸ್ಸು ಎಳೆಯುವುದು. ಸೂಫಿ ಸಂತರು ದೇವರಿಗಾಗಿ ಪಡುವ ಹಂಬಲಕ್ಕೂ ಇದೇ ಪದವನ್ನು ಬಳಸಿದರು. ಫಾರಸಿಯ ಮೂಲಕ ಹಿಂದುಸ್ತಾನಿಗೆ ಬರುವಾಗ ಆ ತೀವ್ರತೆ ಸ್ವಲ್ಪ ಇಳಿದು ಒಲವು, ಹವ್ಯಾಸ ಎಂಬ ಅರ್ಥ ನಿಂತಿತು. ಅಲ್ಲಿ ‘ಶೌಕೀನ್’ ಎಂದರೆ ಸಂಗೀತವೋ ಪಾರಿವಾಳವೋ ಅತ್ತರೋ ಯಾವುದಾದರೊಂದರಲ್ಲಿ ಮನಸ್ಸಿಟ್ಟವನು. ಅದರಲ್ಲಿ ನಿಂದೆ ಇಲ್ಲ.

ಶೌಕ್ ಹೇಗೆ ಶೋಕಿಯಾಯಿತು ಎಂದು ಕೇಳಿದರೆ, ಅದರ ಓರಗೆಯ ಪದಗಳನ್ನು ನೋಡಬೇಕು. ಅರಬ್ಬಿಯಲ್ಲಿ ಅಲೆ ಎಂಬ ಅರ್ಥದ ‘ಮೌಜ್’ ಹಿಂದುಸ್ತಾನಿಯಲ್ಲಿ ಮನಸ್ಸಿನ ಉಲ್ಲಾಸವಾಗಿ, ಕನ್ನಡದಲ್ಲಿ ‘ಮೋಜು’ ಆಯಿತು. ಅಲ್ಲಿಯ ಔಕಾರ ಇಲ್ಲಿ ಓಕಾರವಾಗಿದೆ. ಕಲ್ಪನೆ ಎಂಬ ಅರ್ಥದ ‘ಖಯಾಲ್’ ನಮ್ಮಲ್ಲಿ ‘ಖಯಾಲಿ’ ಆಯಿತು, ಕೊನೆಗೆ ಇಕಾರ ಸೇರಿತು. ಈ ಎರಡೂ ಬದಲಾವಣೆ ಒಟ್ಟಿಗೆ ಆದರೆ ಶೋಕಿ. ‘ಶೋಕಿಲಾಲ’ದ ಬಾಲದಲ್ಲಿರುವ ‘ಲಾಲ’ ಉತ್ತರದವರ ಹೆಸರಿನ ಕೊನೆಯಲ್ಲಿ ಬರುವ, ಮುದ್ದಿನವನು ಎಂಬ ಅರ್ಥದ ಲಾಲ್. ಸಂಸ್ಕೃತದ ‘ಶೋಕ’ಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಇಂಥ ಪದಗಳು ಮಲೆನಾಡಿಗೆ ಹೊರಗಿನವು ಎನ್ನುವಂತಿಲ್ಲ. ಆಡಳಿತದ ಜೊತೆ, ವ್ಯಾಪಾರದ ಜೊತೆ, ಸೈನ್ಯದ ಜೊತೆ ಫಾರಸಿ ಮತ್ತು ಮರಾಠಿ ನಮ್ಮ ಘಟ್ಟ ಹತ್ತಿ ಬಹಳ ಕಾಲವಾಯಿತು. ಕೆಳದಿ ಅರಸರ ಬಿದನೂರನ್ನು ಹೈದರಾಲಿ 1763ರಲ್ಲಿ ಹಿಡಿದು ಹೈದರ್‌ನಗರವೆಂದು ಕರೆದ. ಹೊಸನಗರ ತಾಲ್ಲೂಕಿನ ಆ ಊರು ಇಂದಿಗೂ ಬರಿಯ ‘ನಗರ’. ಜಮೀನು, ಜಮಾಬಂದಿ, ತಹಸೀಲ್ದಾರ, ದಫ್ತರ ಎಂಬ ಮಾತಿಲ್ಲದೆ ಇಲ್ಲಿಯ ಒಬ್ಬ ರೈತನ ದಿನವೂ ಕಳೆಯುವುದಿಲ್ಲ. ನಿಮ್ಮ ಕಸುಬಿನ ‘ದರ್ಜಿ’ಯೂ ಫಾರಸಿಯದೇ.

ಹಾಗಾದರೆ ಹಂಬಲ ಎಂಬ ಚಂದದ ಪದ ಬೈಗುಳದ ಹತ್ತಿರ ಬಂದದ್ದು ಏಕೆ? ಇದು ಒಂದು ಪದದ ಕಥೆಯಲ್ಲ. ಮಿದುಳು, ಬುದ್ಧಿ ಎಂಬ ಅರ್ಥದ ‘ದಿಮಾಗ್’ ಕನ್ನಡಕ್ಕೆ ಬಂದು ‘ಧಿಮಾಕು’ ಆಯಿತು, ಅಂದರೆ ಸೊಕ್ಕು. ಐಶ್ವರ್ಯ, ರಾಜ್ಯ ಎಂಬ ಅರ್ಥದ ‘ದೌಲತ್’ ನಮ್ಮಲ್ಲಿ ‘ದೌಲತ್ತು’, ಅದೂ ಸೊಕ್ಕು. ಅಧಿಕಾರಸ್ಥರ ಭಾಷೆಯಿಂದ ಬಂದ ಪದಗಳನ್ನು ಕೆಳಗೆ ನಿಂತು ಕೇಳಿಸಿಕೊಂಡವರು ಹೀಗೆ ತಿರುಗಿಸಿ ಹಿಡಿದರು ಎಂದು ನಾನು ನಂಬಿದ್ದೇನೆ. ಬಳಿಕ ಅದೇ ಪದಗಳನ್ನು ಊರಿನ ಮೇಲಿನವರು ತಮಗಿಂತ ಕೆಳಗಿನವರತ್ತ ಎಸೆಯಲು ಕಲಿತರು.

ನನ್ನ ಬಾಲ್ಯ ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕಳೆಯಿತು. 1970ರ ಆಸುಪಾಸು. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದವರ ಮಗನೊಬ್ಬ ಶಿವಮೊಗ್ಗದಲ್ಲಿ ಟೆರಿಲಿನ್ ಷರ್ಟು ಹೊಲಿಸಿಕೊಂಡು ಬಂದ. ಇಸ್ತ್ರಿಯ ಗೆರೆ ಮುರಿಯಬಾರದೆಂದು ತೋಳುಗಳನ್ನು ಮೈಯಿಂದ ಸ್ವಲ್ಪ ದೂರ ಹಿಡಿದು ನಡೆಯುತ್ತಿದ್ದ. ಜಗಲಿಯಲ್ಲಿ ಕವಳ ಹಾಕುತ್ತ ಕುಳಿತಿದ್ದ ಹಿರಿಯರು ‘ಶೋಕಿ ನೋಡು’ ಎಂದರು. ಅವನಿಗೆ ಕೇಳಿಸಿತು, ತೋಳು ಕೆಳಗಿಳಿಸಿದ. ಅದೇ ವಾರ ಅಂಥದೇ ಬಟ್ಟೆಯ ಷರ್ಟು ತೊಟ್ಟು ಬಂದ ನನ್ನ ಚಿಕ್ಕಪ್ಪನಿಗೆ ಅದೇ ಹಿರಿಯರು ‘ಚೆನ್ನಾಗಿ ಒಪ್ಪುತ್ತದೆ’ ಎಂದರು. ಪದಗಳ ಬಗ್ಗೆ ನನಗೆ ಆಸಕ್ತಿ ಹುಟ್ಟಿದ್ದು ಬಹುಶಃ ಆ ವಾರದಲ್ಲೇ. ಶೋಕಿ ಎಂಬುದು ತೊಟ್ಟವನ ಮನಸ್ಸನ್ನು ಹೇಳಲು ಹುಟ್ಟಿದ ಪದ; ನಮ್ಮ ಜಗಲಿಯಲ್ಲಿ ಅದು ಅವನು ಎಲ್ಲಿ ನಿಲ್ಲಬೇಕೆಂದು ಹೇಳುವ ಪದವಾಗಿತ್ತು.

ಅತ್ತೆಯವರ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಅವರ ತಲೆಮಾರಿಗೆ ಹೊಸ ಬಟ್ಟೆ ಎಂದರೆ ವರ್ಷಕ್ಕೊಮ್ಮೆ, ದೀಪಾವಳಿಗೋ ಎಳ್ಳಮಾವಾಸ್ಯೆಯ ಜಾತ್ರೆಗೋ ಬರುತ್ತಿದ್ದದ್ದು. ಸಾಲ ಮಾಡಿ ಉಡುವವರನ್ನು ಅವರು ಕಣ್ಣಾರೆ ನೋಡಿರುತ್ತಾರೆ. ಆ ಎಚ್ಚರಿಕೆ ಅವರ ಮಾತಿನಲ್ಲಿದೆ. ಒಟ್ಟಿನಲ್ಲಿ ಫ್ಯಾಷನಿಸ್ಟಾ ಮತ್ತು ಶೋಕಿಲಾಲ ಹೆಚ್ಚು ಕಡಿಮೆ ಒಂದೇ ಬಗೆಯ ವ್ಯಕ್ತಿಯನ್ನು ತೋರಿಸುತ್ತವೆ, ದನಿ ಮಾತ್ರ ಬೇರೆ: ಒಂದು ಈಗ ಮೆಚ್ಚುಗೆ, ಇನ್ನೊಂದು ಈಗ ಆಕ್ಷೇಪ.

ಕನ್ನಡದ್ದೇ ಪದ ಬೇಕೆಂದು ಕೇಳಿದ್ದೀರಿ. ಕೊರತೆ ಇಲ್ಲ, ಆಯ್ಕೆಯೇ ಕಷ್ಟ. ‘ಬೆಡಗು’ ಇದೆ, ವಚನಕಾರರ ಬೆಡಗಿನಲ್ಲಿ ಒಗಟಿನ ಅರ್ಥವೂ ಸೇರಿಕೊಂಡಿದೆ. ‘ಒಯ್ಯಾರ’, ‘ಒನಪು’ ನಡಿಗೆಗೆ, ನಿಲುವಿಗೆ ಹೆಚ್ಚು ಸಲ್ಲುತ್ತವೆ. ‘ಬಿನ್ನಾಣ’ದ ಗತಿ ನೋಡಿ: ಅದು ಸಂಸ್ಕೃತದ ‘ವಿಜ್ಞಾನ’ದ ತದ್ಭವ. ವಿಶೇಷ ತಿಳಿವು, ಕೈಚಳಕ ಎಂದಿದ್ದದ್ದು ಸರಿಯುತ್ತ ಸರಿಯುತ್ತ ಹೆಣ್ಣಿನ ಹಾವಭಾವಕ್ಕೆ ಬಂದು ನಿಂತಿತು, ‘ಬಿನ್ನಾಣಗಿತ್ತಿ’ ಎನ್ನುವಾಗ ಮೂಗು ಮುರಿಯುವ ದನಿಯೂ ಸೇರಿತು. ಚೆನ್ನಾಗಿ ಸಿಂಗರಿಸಿಕೊಂಡವರನ್ನು ಕಂಡರೆ ಮೂಗು ಮುರಿಯುವ ಚಾಳಿ ಅರಬ್ಬಿ ಪದಗಳ ಮೇಲೆ ಮಾತ್ರ ಬಿದ್ದದ್ದಲ್ಲ, ನಮ್ಮ ಪದಗಳ ಮೇಲೂ ಬಿದ್ದಿದೆ. ವಿಜ್ಞಾನಕ್ಕೇ ಈ ಪಾಡು ಬಂದದ್ದು ನನಗೆ ಇಂದಿಗೂ ನೋವಿನ ವಿಷಯ, ಏಕೆಂದರೆ ಮೈಗೆ ಒಪ್ಪುವಂತೆ ಉಡುವುದರಲ್ಲಿ ನಿಜವಾಗಿಯೂ ಒಂದು ತಿಳಿವು ಇದೆ.

‘ಸಿಂಗಾರ’ ಶೃಂಗಾರದ ತದ್ಭವ. ಮಲೆನಾಡಿನವರಿಗೆ ಈ ಪದದ ವಿಷಯದಲ್ಲಿ ಬೇರೆಯವರಿಗಿಲ್ಲದ ಭಾಗ್ಯ ಇದೆ: ಅಡಿಕೆ ಮರದ ಹೂಗೊಂಚಲಿಗೂ ನಾವು ಸಿಂಗಾರ ಎನ್ನುತ್ತೇವೆ. ಹಾಳೆ ಕಳಚಿ ಬಿದ್ದಾಗ ಹೊರಬರುವ ಆ ಕೆನೆಬಣ್ಣದ ಗೊಂಚಲನ್ನು ನೋಡಿದವರಿಗೆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಅದೇ ಅಡಿಕೆ ಬೇಯಿಸಿದಾಗ ದೊರೆಯುವ ಚೊಗರಿನಿಂದ ಹೆಗ್ಗೋಡಿನ ಪಕ್ಕದ ಭೀಮನಕೋಣೆಯ ‘ಚರಕ’ ಸಹಕಾರ ಸಂಘದ ಮಹಿಳೆಯರು ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ನಮ್ಮ ನೆಲದ ಫ್ಯಾಷನ್ ಯಾವುದು ಎಂದು ಮಗಳು ಕೇಳಿದರೆ ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ.

ನನ್ನ ಮನಸ್ಸು ವಾಲುವುದು ‘ಸೊಗಸು’ ಎಂಬುದರ ಕಡೆಗೆ. ‘ಸುಖ’ದ ತದ್ಭವ ಸೊಗ, ಹಳಗನ್ನಡದಲ್ಲಿ ‘ಸೊಗಯಿಸು’ ಎಂದರೆ ಹಿತವಾಗು, ಚೆಲುವಾಗಿ ತೋರು. ಕಣ್ಣಿಗೆ ಚಂದ, ಮೈಗೆ ಹಿತ ಎರಡೂ ಅದರಲ್ಲಿ ಅಡಗಿವೆ. ಕಂಕುಳಲ್ಲಿ ಬಿಗಿಯುವ ರವಿಕೆ ಎಷ್ಟೇ ಚಂದವಾಗಿದ್ದರೂ ಸೊಗಸಲ್ಲ ಎಂಬುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸೊಗಸಿನಲ್ಲಿ ಮನಸ್ಸಿಟ್ಟವನು ಸೊಗಸುಗಾರ, ಇಟ್ಟವಳು ಸೊಗಸುಗಾತಿ. ಫ್ಯಾಷನಿಸ್ಟಾಕ್ಕೆ ಇದಕ್ಕಿಂತ ಹತ್ತಿರದ ಕನ್ನಡ ನನಗೆ ಕಾಣುವುದಿಲ್ಲ. ಪತ್ರಿಕೆಗಳು ಬಳಸುವ ‘ಫ್ಯಾಷನ್ ಪ್ರಿಯರು’ ವರದಿಗೆ ಸಾಕು, ಬೋರ್ಡಿಗೆ ಸಪ್ಪೆ.

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ಇಂಗ್ಲಿಷಿನವರು ಮೈಮೇಲೆ ಏನೇ ಇರಲಿ, ಬಹುತೇಕ ಎಲ್ಲಕ್ಕೂ ಒಂದೇ ಕ್ರಿಯಾಪದ ಬಳಸುತ್ತಾರೆ. ಕನ್ನಡಿಗರು ಸೀರೆ, ಪಂಚೆ ಉಡುತ್ತಾರೆ, ರವಿಕೆ, ಅಂಗಿ, ಬಳೆ ತೊಡುತ್ತಾರೆ, ಶಾಲು, ಕಂಬಳಿ ಹೊದೆಯುತ್ತಾರೆ, ಹೂವು ಮುಡಿಯುತ್ತಾರೆ, ಮುಂಡಾಸು ಸುತ್ತುತ್ತಾರೆ, ಕುಂಕುಮ ಇಡುತ್ತಾರೆ, ಚಪ್ಪಲಿ ಮೆಟ್ಟುತ್ತಾರೆ. ನಮ್ಮ ಕಡೆಯ ಮಳೆಗಾಲದಲ್ಲಿ ಕೊಡೆಯನ್ನು ಸೂಡುತ್ತಾರೆ. ಸೂಡು ಎಂಬುದು ಹಳಗನ್ನಡದಲ್ಲಿ ತಲೆಯ ಮೇಲೆ ಧರಿಸುವುದಕ್ಕಿದ್ದ ಮಾತು. ಘಟ್ಟದ ಮಳೆ ಅದನ್ನು ಇನ್ನೂ ಉಳಿಸಿಕೊಂಡಿದೆ. ಬಟ್ಟೆ ಮೈಯನ್ನು ಹೇಗೆ ಮುಟ್ಟುತ್ತದೆ ಎಂಬುದರ ಮೇಲೆ ಕ್ರಿಯಾಪದ ಬದಲಾಗುತ್ತದೆ. ಹೊಲಿಯದೆ ಸುತ್ತಿಕೊಳ್ಳುವುದು ಉಡುಗೆ. ಹೊಲಿದು ಮೈಗೆ ತೂರಿಸಿಕೊಳ್ಳುವುದು ತೊಡುಗೆ. ಹಾಗಾಗಿ ಲೆಕ್ಕಕ್ಕೆ ನಿಮ್ಮ ಅಂಗಡಿ ತೊಡುಗೆಯದು, ಉಡುಗೆಗೆ ನೀವು ಫಾಲು ಹಚ್ಚಿ ಕುಚ್ಚು ಕಟ್ಟುತ್ತೀರಿ. ಈ ಜೋಡಿ ಎಷ್ಟು ಹಳೆಯದೆಂದರೆ, ಶಿಕಾರಿಪುರದ ಬಳಿಯ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿ ಹನ್ನೆರಡನೆಯ ಶತಮಾನದಲ್ಲಿ ತಾನು ತೊರೆದದ್ದನ್ನು ಹೇಳುವಾಗಲೂ ‘ಉಡಿಗೆ ತೊಡಿಗೆ’ ಎಂದು ಎರಡನ್ನೂ ಹೆಸರಿಸುತ್ತಾಳೆ.

ಈಗ ಎಲ್ಲಕ್ಕೂ ‘ಹಾಕು’ ಬಂದುಬಿಟ್ಟಿದೆ. ಸೀರೆ ಹಾಕಿಕೊಂಡೆ, ಬಳೆ ಹಾಕಿಕೊಂಡೆ, ಹೂವು ಹಾಕಿಕೊಂಡೆ. ಇದು ನನಗೆ ನಿಜವಾಗಿಯೂ ಬೇಸರ ತರುತ್ತದೆ. ಹೊಸ ಪದ ಬಂದರೆ ಭಾಷೆಗೆ ನಷ್ಟವಿಲ್ಲ. ಏಳೆಂಟು ಕ್ರಿಯಾಪದಗಳು ಹೋಗಿ ಒಂದು ಉಳಿದರೆ ನಷ್ಟ ಇದೆ. ನಿಮ್ಮ ಅಂಗಡಿಗೆ ಅಳತೆ ಕೊಡಲು ಬರುವ ಹುಡುಗಿಯರ ಎದುರು ನೀವಾದರೂ ‘ತೊಟ್ಟು ನೋಡು’, ‘ಉಟ್ಟು ನೋಡು’ ಎಂದು ಬಳಸುತ್ತಿರಿ ಎಂದು ಕೇಳಿಕೊಳ್ಳುತ್ತೇನೆ.

ಬೋರ್ಡಿನ ವಿಷಯ. ನನ್ನನ್ನು ಕೇಳಿದರೆ ‘ಸೊಗಸು’ ಎಂದು ದಪ್ಪಕ್ಷರದಲ್ಲಿ ಬರೆಸಿ, ಕೆಳಗೆ ‘ಹೊಲಿಗೆ ಮತ್ತು ವಿನ್ಯಾಸ’ ಎಂದು ಸಣ್ಣದಾಗಿ ಹಾಕಿಸುತ್ತಿದ್ದೆ. ಮಗಳು ಒಪ್ಪದಿದ್ದರೆ ‘ಫ್ಯಾಷನಿಸ್ಟಾ’ವನ್ನೇ ಇಡಿ, ಅದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಕಾಗುಣಿತವನ್ನು ಮಾತ್ರ ಬಣ್ಣದವರ ಕೈಗೆ ಬಿಡಬೇಡಿ, ಕಾಗದದ ಮೇಲೆ ಬರೆದು ಕೊಡಿ. ಮೊದಲಿನದು ಷಕಾರ, ಷರ್ಟು, ಸ್ಟೇಷನ್ ಎಂದು ಬರೆಯುವ ರೂಢಿ ಇರುವುದರಿಂದ ಫ್ಯಾಷನ್ನಿಗೂ ಅದೇ ಇರಲಿ. ಎರಡನೆಯದು ಸಕಾರಕ್ಕೆ ಟಕಾರದ ಒತ್ತು, ಕೊನೆಗೆ ದೀರ್ಘ. ಕೈತಪ್ಪಿ ಅಲ್ಲಿಯೂ ಷಕಾರ ಬಂದರೆ ‘ಫ್ಯಾಷನಿಷ್ಟಾ’ ಆಗುತ್ತದೆ. ಒಂದು ವೇಳೆ ಹಾಗೆ ಬರೆದೇಬಿಟ್ಟರೆ, ಅಳಿಸಲು ಹೇಳುವ ಮೊದಲು ಅತ್ತೆಯವರಿಗೆ ಒಮ್ಮೆ ಓದಿ ಹೇಳಿ. ಫ್ಯಾಷನ್ ಇಷ್ಟಪಡುವವರು ಎಂದು ಅವರಿಗೆ ಯಾರ ವಿವರಣೆಯೂ ಇಲ್ಲದೆ ಅರ್ಥವಾಗುತ್ತದೆ.